ಆಲ್ಬರ್ಟಾದ ಗಿಲಕಿ ಹಾವಿನ ನಡಿಗೆ: ಕೊಟ್ಟ ಹಣಕ್ಕೆ ಸಿಕ್ಕಿದ್ದೇನು?

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಆಗ್ನೇಯ ಮೂಲೆಯಲ್ಲಿ, ಮೆಡಿಸಿನ್ ಹ್ಯಾಟ್ ನಗರದಿಂದ ಸುಮಾರು ಒಂದು ಗಂಟೆ ದೂರದ ಹುಲ್ಲುಗಾವಲಿನಲ್ಲಿ, ರ‍್ಯಾಟಲ್‌ಸ್ನೇಕ್‌ಗಳನ್ನು ಅವುಗಳ ನೆಲೆಯಲ್ಲೇ ಹುಡುಕಿ ತೋರಿಸುವ ಒಂದು ದಿನದ ನಡಿಗೆಯನ್ನು ಸಣ್ಣ ಸಂಸ್ಥೆಯೊಂದು ನಡೆಸುತ್ತದೆ. ಕಳೆದ ಸೆಪ್ಟೆಂಬರ್ ಮಧ್ಯಭಾಗದಲ್ಲಿ ನಾನೂ ನನ್ನ ಭಾವನವರೂ ಅದರಲ್ಲಿ ಪಾಲ್ಗೊಂಡೆವು. ಶುಲ್ಕ ತಲೆಗೆ 165 ಕೆನಡಿಯನ್ ಡಾಲರ್, ಅದರ ಮೇಲೆ ಶೇ 5ರ ಜಿಎಸ್‌ಟಿ. ಸಂಸ್ಥೆಯ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಅದು ಇಬ್ಬರೇ ನಡೆಸುವ ಉದ್ಯೋಗ, ಮತ್ತು ನನ್ನ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ದೂರುಗಳೂ ಇವೆ. ಇಂಥ ಯಾವುದೇ ನಡಿಗೆಗೆ ಹಣ ಕಟ್ಟುವ ಮೊದಲು ಏನೇನು ಕೇಳಿ ತಿಳಿಯಬೇಕು ಎಂಬುದು ಇದನ್ನು ಓದಿದವರಿಗೆ ಗೊತ್ತಾದರೆ ಸಾಕು.

ರ‍್ಯಾಟಲ್‌ಸ್ನೇಕಿಗೆ ಕನ್ನಡದಲ್ಲಿ ಗಿಲಕಿ ಹಾವು, ಬುಡುಬುಡಿಕೆ ಹಾವು ಎಂಬ ಎರಡು ಹೆಸರುಗಳು ಓಡಾಡುತ್ತವೆ. ಸದ್ದನ್ನು ಕಿವಿಯಾರೆ ಕೇಳಿದ ಮೇಲೆ ಎರಡೂ ಅಷ್ಟು ಸರಿಹೊಂದುವುದಿಲ್ಲ ಎನ್ನಿಸಿದೆ. ಗಿಲಕಿಯ ಹೊಟ್ಟೆಯಲ್ಲಿ ಕಾಳುಗಳಿರುತ್ತವೆ. ಈ ಹಾವಿನ ಬಾಲದ ತುದಿಯಲ್ಲಿ ಕಾಳೂ ಇಲ್ಲ, ಕಲ್ಲೂ ಇಲ್ಲ. ನಮ್ಮ ಉಗುರು ಯಾವುದರಿಂದ ಆಗಿದೆಯೋ ಅದೇ ಕೆರಾಟಿನ್‌ನ ಟೊಳ್ಳು ಉಂಗುರಗಳು ಒಂದರೊಳಗೊಂದು ಸಡಿಲವಾಗಿ ಸಿಕ್ಕಿಕೊಂಡಿರುತ್ತವೆ, ಬಾಲ ಅದುರಿದಾಗ ಅವು ಪರಸ್ಪರ ತಾಗಿ ಸದ್ದಾಗುತ್ತದೆ. ಪೊರೆ ಬಿಟ್ಟಾಗಲೆಲ್ಲ ಹೊಸದೊಂದು ಉಂಗುರ ಸೇರುತ್ತದೆ, ಹಳೆಯವು ಮುರಿದು ಬೀಳುತ್ತಲೂ ಇರುತ್ತವೆ. ಆದ್ದರಿಂದ ಉಂಗುರ ಎಣಿಸಿ ಹಾವಿನ ವಯಸ್ಸು ಹೇಳುತ್ತೇನೆನ್ನುವುದು ಬರೀ ಬುರುಡೆ. ಈ ಬರಹದಲ್ಲಿ ಗಿಲಕಿ ಹಾವು ಎಂಬ ಹೆಸರನ್ನೇ ಉಳಿಸಿಕೊಳ್ಳುತ್ತೇನೆ.

ಚಳಿಗಾಲದಲ್ಲಿ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ನಾಡಿನಲ್ಲಿ ಹಾವು ಹೇಗೆ ಬದುಕುತ್ತದೆ ಎಂಬ ಪ್ರಶ್ನೆಯೇ ನನ್ನನ್ನು ಅಲ್ಲಿಗೆ ಎಳೆದದ್ದು. ಆಗ್ನೇಯ ಆಲ್ಬರ್ಟಾ ಮತ್ತು ನೈರುತ್ಯ ಸಸ್ಕಾಚೆವಾನ್‌ನಲ್ಲಿರುವುದು ಬಯಲುಸೀಮೆಯ ಗಿಲಕಿ ಹಾವು, ಅಂದರೆ ಪ್ರೇರಿ ರ‍್ಯಾಟಲ್‌ಸ್ನೇಕ್. ವೈಜ್ಞಾನಿಕ ಹೆಸರು ಕ್ರೊಟಾಲಸ್ ವಿರಿಡಿಸ್. ಮೆಕ್ಸಿಕೋದವರೆಗೂ ಹರಡಿರುವ ಈ ಜಾತಿಯ ಉತ್ತರದ ಕೊನೆಯಂಚು ಇಲ್ಲೇ, 51 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಇದೆ. ಸೌತ್ ಸಸ್ಕಾಚೆವಾನ್, ರೆಡ್ ಡೀರ್, ಓಲ್ಡ್‌ಮನ್, ಮಿಲ್ಕ್ ನದಿಗಳ ಕಣಿವೆಗಳನ್ನೇ ಹಾವುಗಳು ನೆಚ್ಚಿಕೊಂಡಿವೆ, ಏಕೆಂದರೆ ನೆಲದ ಹಿಮಗಟ್ಟುವ ಪದರಕ್ಕಿಂತ ಕೆಳಗೆ ಇಳಿಯಲು ಬೇಕಾದ ಬಿರುಕು, ಕುಸಿದ ಮಣ್ಣಿನ ಸಂದು, ಪ್ರಾಣಿಗಳು ತೋಡಿದ ಬಿಲಗಳು ಆ ಇಳಿಜಾರುಗಳಲ್ಲಿ ಹೆಚ್ಚಾಗಿ ಸಿಗುತ್ತವೆ. ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಒಳಸೇರಿದ ಹಾವು ಮತ್ತೆ ಬಿಸಿಲು ಕಾಣುವುದು ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ವರ್ಷದ ಅರ್ಧಕ್ಕೂ ಹೆಚ್ಚು ಕಾಲ ನೆಲದೊಳಗೆ, ಉಳಿದ ಕೆಲವೇ ತಿಂಗಳುಗಳಲ್ಲಿ ತಿನ್ನುವುದು, ಬೆಳೆಯುವುದು, ಜೊತೆಗೂಡುವುದು, ಮರಿ ಹಾಕುವುದು ಎಲ್ಲವೂ ಮುಗಿಯಬೇಕು. ಹೀಗಾಗಿ ಇಲ್ಲಿನ ಹೆಣ್ಣು ಮೊದಲ ಬಾರಿ ಮರಿ ಹಾಕಲು ಐದರಿಂದ ಏಳು ವರ್ಷ ಕಾಯುತ್ತದೆ, ಆಮೇಲೂ ಎರಡು ಮೂರು ವರ್ಷಕ್ಕೊಮ್ಮೆ ಮಾತ್ರ ಮರಿ ಹಾಕುತ್ತದೆ. ಒಂದು ಹಾವು ಸತ್ತರೆ ಅದರ ಜಾಗ ತುಂಬಲು ಎಷ್ಟು ಕಾಲ ಬೇಕು ಎಂಬುದನ್ನು ಇದರಿಂದಲೇ ಲೆಕ್ಕ ಹಾಕಿಕೊಳ್ಳಬಹುದು.

ಮೊದಲ ದೂರು ಸಂಸ್ಥೆಯ ಜಾಹೀರಾತಿನ ಬಗ್ಗೆ. ಕಾದಿರಿಸುವ ಪುಟದಲ್ಲಿ ಹತ್ತಾರು ಗಿಲಕಿ ಹಾವುಗಳು ಹೆಣೆದುಕೊಂಡು ಬಿದ್ದಿರುವ ಚಿತ್ರವಿದೆ. ಅಂಥ ದೃಶ್ಯ ಚಳಿಗಾಲದ ಬಿಲದ ಬಾಯಲ್ಲಿ ಮಾತ್ರ ಕಾಣಸಿಗುವಂಥದ್ದು. ಈ ನಡಿಗೆ ಬಿಲದ ಬಾಯಿಗೆ ಹೋಗುವುದಿಲ್ಲ. ಹೋಗದಿರುವುದೇ ಸರಿ ಎಂಬುದು ನನ್ನ ಅಭಿಪ್ರಾಯ, ಆದರೆ ತೋರಿಸದ ವಸ್ತುವಿನ ಚಿತ್ರ ಹಾಕಿ ಗಿರಾಕಿಯನ್ನು ಕರೆಯುವುದು ಸರಿಯಲ್ಲ. ನಮ್ಮ ಜೊತೆ ಬಂದಿದ್ದ ಇಬ್ಬರು ಹವ್ಯಾಸಿ ಛಾಯಾಗ್ರಾಹಕರು ಆ ಚಿತ್ರವನ್ನೇ ನಂಬಿ ಬಂದವರಾಗಿದ್ದರು, ಅದರ ಫಲ ಮಧ್ಯಾಹ್ನ ಕಾಣಿಸಿಕೊಂಡಿತು. ಪುಟದ ಕೆಳಭಾಗದಲ್ಲಿ ಸಣ್ಣ ಅಕ್ಷರದಲ್ಲಿ, ಹಾವು ಕಂಡೇ ಕಾಣುತ್ತದೆ ಎಂಬ ಭರವಸೆಯಿಲ್ಲ, ಕಾಣದಿದ್ದರೆ ಹಣ ವಾಪಸ್ಸಿಲ್ಲ, ಮಳೆ ಅಥವಾ ಗಾಳಿಯಿಂದ ರದ್ದಾದರೆ ಬೇರೆ ದಿನ ಕೊಡಲಾಗುವುದು ಎಂದು ಬರೆದಿದೆ. ಈ ಷರತ್ತುಗಳಲ್ಲಿ ನನಗೆ ತಪ್ಪು ಕಾಣಲಿಲ್ಲ, ಆದರೆ ಅವು ಚಿತ್ರದ ಪಕ್ಕದಲ್ಲೇ ಇರಬೇಕಿತ್ತು.

ಕ್ಯಾಲ್ಗರಿಯಿಂದ ಮೆಡಿಸಿನ್ ಹ್ಯಾಟಿಗೆ ಮುನ್ನೂರು ಕಿಲೋಮೀಟರ್, ಮೂರು ಗಂಟೆಯ ದಾರಿ. ಹಕ್ಕಿ ನೋಡುವವರಂತೆ ನಸುಕಿನಲ್ಲೇ ಹೊರಡಬೇಕಾದೀತು ಎಂದುಕೊಂಡು ನಾವು ಹಿಂದಿನ ರಾತ್ರಿಯೇ ಹೋಗಿ ತಂಗಿದ್ದೆವು. ಗೈಡ್ ಬರಹೇಳಿದ್ದು ಬೆಳಿಗ್ಗೆ ಹತ್ತೂವರೆಗೆ. ಅರವತ್ತು ದಾಟಿದ, ಆ ಸೀಮೆಯ ದನಗಾಹಿ ಕುಟುಂಬದಲ್ಲೇ ಹುಟ್ಟಿ ಬೆಳೆದ ಹೆಂಗಸು. ಬೆಳಿಗ್ಗೆ ಹುಲ್ಲಿನ ಮೇಲೆ ಬಿಳಿ ಇಬ್ಬನಿ ಹೆಪ್ಪುಗಟ್ಟಿರುವಾಗ ಯಾವ ಹಾವೂ ಹೊರಗೆ ಬರುವುದಿಲ್ಲ, ಕಲ್ಲು ಕಾದ ಮೇಲೆ ನಮ್ಮ ಕೆಲಸ ಎಂದು ಆಕೆ ಹೇಳಿದರು, ಹೇಳಿದ್ದನ್ನು ತೋರಿಸಿಯೂ ಕೊಟ್ಟರು. ಅವರ ಜೇಬಿನಲ್ಲಿ ಅಡುಗೆಮನೆಯಲ್ಲಿ ಬಾಣಲೆಯ ಬಿಸಿ ನೋಡಲು ಬಳಸುವಂಥ, ಕೆಂಪು ಚುಕ್ಕೆ ಬಿಡುವ ಉಷ್ಣಮಾಪಕವಿತ್ತು. ಹನ್ನೊಂದು ಗಂಟೆಗೆ ಗಾಳಿಯ ಉಷ್ಣತೆ 11 ಡಿಗ್ರಿ. ದಕ್ಷಿಣಕ್ಕೆ ಮುಖಮಾಡಿದ ಮರಳುಗಲ್ಲಿನ ಮೇಲೆ ಚುಕ್ಕೆ ಬಿಟ್ಟಾಗ 26. ಅದೇ ಕಲ್ಲಿನ ಉತ್ತರದ ಮಗ್ಗುಲಲ್ಲಿ 7. ನಾಲ್ಕು ಅಡಿ ಅಗಲದ ಒಂದೇ ಬಂಡೆಯ ಎರಡು ಬದಿಗಳು ಎರಡು ಬೇರೆ ಋತುಗಳಂತಿದ್ದವು. ಆ ದಿನ ನಾನು ಕಲಿತದ್ದರಲ್ಲಿ ಹೆಚ್ಚಿನದನ್ನು ಕಲಿಸಿದ್ದು ಆ ಪುಟ್ಟ ಉಪಕರಣ. ಅಲ್ಲಿಂದ ಮುಂದೆ ನಾವು ಹುಡುಕಿದ್ದು ಹಾವನ್ನಲ್ಲ, ಬೆಚ್ಚಗಿನ ಜಾಗವನ್ನು.

ಶುಲ್ಕದ ದೊಡ್ಡ ಪಾಲು ಯಾವುದಕ್ಕೆ ಸಲ್ಲುತ್ತದೆ ಎಂಬುದು ಮೊದಲ ಬೇಲಿಯ ಬಳಿ ಅರ್ಥವಾಯಿತು. ಇಲ್ಲಿನ ಹುಲ್ಲುಗಾವಲು ಕಣ್ಣಿಗೆ ಅನಾಥವಾಗಿ, ಯಾರಿಗೂ ಸೇರದ ಬಯಲಿನಂತೆ ಕಾಣುತ್ತದೆ, ಆದರೆ ಬಹುಪಾಲು ಖಾಸಗಿ ಜಮೀನು, ಇಲ್ಲವೇ ದನ ಮೇಯಿಸಲು ಸರ್ಕಾರ ಗುತ್ತಿಗೆಗೆ ಕೊಟ್ಟ ಭೂಮಿ. ಗುತ್ತಿಗೆದಾರರನ್ನು ಮೊದಲೇ ಸಂಪರ್ಕಿಸದೆ ಅಲ್ಲಿ ಕಾಲಿಡುವಂತಿಲ್ಲ. ಹಾವುಗಳಿಗೆ ಅತ್ಯುತ್ತಮ ನೆಲೆಗಳಲ್ಲೊಂದಾದ ಸಫೀಲ್ಡ್ ರಾಷ್ಟ್ರೀಯ ವನ್ಯಜೀವಿ ಪ್ರದೇಶ ಸೈನಿಕ ನೆಲೆಯೊಳಗಿದೆ. ಸಾರ್ವಜನಿಕರಿಗೆ ಪ್ರವೇಶವೇ ಇಲ್ಲ. ನಮ್ಮ ಗೈಡ್ ದನ ಮೇಯಿಸುವ ಮೂರು ದೊಡ್ಡ ಜಮೀನುಗಳ ಮಾಲೀಕರೊಂದಿಗೆ ಬಹಳ ವರ್ಷಗಳ ಒಡನಾಟ ಇಟ್ಟುಕೊಂಡವರು. ಅಂದು ಎರಡು ಗೇಟುಗಳನ್ನು ದಾಟಿದೆವು, ಎರಡನ್ನೂ ಮುಚ್ಚಿದ್ದಂತೆಯೇ ಮುಚ್ಚಿ ಕೊಂಡಿ ಹಾಕಿದೆಯೇ ಎಂದು ಆಕೆ ಹಿಂತಿರುಗಿ ನೋಡಿ ಖಚಿತಪಡಿಸಿಕೊಂಡರು. ಆ ನಂಬಿಕೆಯನ್ನು ಹೊಸಬನೊಬ್ಬ ಒಂದು ವಾರಾಂತ್ಯದಲ್ಲಿ ಗಳಿಸಲಾರ.

ಬಯಲಿನಿಂದ ನದಿಯತ್ತ ಇಳಿಯುವ ಕಿರುಕಣಿವೆಗಳನ್ನು ಇಲ್ಲಿನ ಜನ ‘ಕೂಲಿ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ಬೇರೆಯೇ ಕೂಲಿಯಾಗಿ ಕೇಳುತ್ತದೆ. ನಾಲ್ಕು ಗಂಟೆ ಅವುಗಳನ್ನು ಹತ್ತಿ ಇಳಿದ ಮೇಲೆ ಎರಡಕ್ಕೂ ಅಂಥ ವ್ಯತ್ಯಾಸವಿಲ್ಲ ಎಂದು ಭಾವನವರು ಅಭಿಪ್ರಾಯಪಟ್ಟರು. ನಡೆದ ದೂರ ಆರು ಕಿಲೋಮೀಟರ್ ಮಾತ್ರ, ಆದರೆ ಸಡಿಲ ಜೇಡಿಮಣ್ಣಿನ ಇಳಿಜಾರಿನಲ್ಲಿ ಪ್ರತಿ ಹೆಜ್ಜೆ ಇಡುವಲ್ಲಿ ನೋಡಿ ಇಡಬೇಕು. ‘ಸುಲಭದ ನಡಿಗೆ’ ಎಂದು ಜಾಹೀರಾತಿನಲ್ಲಿ ಹೇಳಿರುವುದನ್ನು ಮಂಡಿನೋವಿರುವವರು ನಂಬಬಾರದು. ಮೊದಲ ಒಂದೂವರೆ ಗಂಟೆಯಲ್ಲಿ ಕಂಡದ್ದು ಒಂದು ಗಾರ್ಟರ್ ಹಾವು, ಒಂದು ಒಣಗಿದ ಪೊರೆ, ದೂರದಲ್ಲಿ ಓಡಿದ, ಜಿಂಕೆಯಂತೆ ಕಾಣುವ ಪ್ರಾಂಗ್‌ಹಾರ್ನ್‌ಗಳ ಹಿಂಡು ಇಷ್ಟೇ. ಅಷ್ಟರಲ್ಲಿ ಭಾವನವರು ನಾಲ್ಕು ಬಾರಿ ಬೆಚ್ಚಿಬಿದ್ದಿದ್ದರು. ನಾಲ್ಕೂ ಬಾರಿ ಅದು ಹಾರುವಾಗ ಚಟಚಟ ಸದ್ದು ಮಾಡುವ ಮಿಡತೆ. ಅಂದು ರಕ್ತ ಬಂದ ಏಕೈಕ ಪ್ರಸಂಗಕ್ಕೂ ಹಾವು ಕಾರಣವಲ್ಲ. ದಣಿದು ನೋಡದೆ ಕುಳಿತದ್ದರಿಂದ, ಹುಲ್ಲಿನಲ್ಲಿ ಅಂಗೈಯಗಲಕ್ಕೆ ಹಬ್ಬಿದ್ದ ಪಾಪಾಸುಕಳ್ಳಿಯ ಮುಳ್ಳುಗಳು ನನಗೆ ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚಿದವು. ಹಿಮ ಬೀಳುವ ನಾಡಿನಲ್ಲಿ ಕಳ್ಳಿ ಬೆಳೆಯುತ್ತದೆ ಎಂಬುದನ್ನು ಅದಕ್ಕಿಂತ ಮನದಟ್ಟಾಗುವ ರೀತಿಯಲ್ಲಿ ಕಲಿಯಲಾರೆ.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಗೈಡ್ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸಿದರು. ಸುಮಾರು ಎಂಟು ಮೀಟರ್ ಮುಂದೆ, ಬ್ಯಾಜರ್ ಎಂಬ ಪ್ರಾಣಿ ತೋಡಿದ ಹಳೆಯ ಬಿಲದ ಬಾಯಲ್ಲಿ, ಬೂದು ಸೇಜ್ ಪೊದೆಯ ಬುಡದಲ್ಲಿ ಹಾವಿದೆ ಎಂದರು. ಬೈನಾಕ್ಯುಲರ್ ಹಿಡಿದು ಎರಡು ನಿಮಿಷ ನೋಡಿದರೂ ನನಗೆ ಕಂಡದ್ದು ಒಣಗಿದ ಸಗಣಿಯ ಒಂದು ಬಿಲ್ಲೆ. ಆಮೇಲೆ ಆ ಬಿಲ್ಲೆಗೆ ಕಣ್ಣು ಬಂತು. ಹುಲ್ಲಿನ ಬಣ್ಣದ ಮೈ, ಬೆನ್ನಿನುದ್ದಕ್ಕೂ ಅಂಚಿನಲ್ಲಿ ಬಿಳಿಗೆರೆಯಿರುವ ಕಂದು ಮಚ್ಚೆಗಳು, ಕಣ್ಣಿನ ಪಕ್ಕದಿಂದ ಇಳಿಯುವ ಎರಡು ತಿಳಿಬಣ್ಣದ ಪಟ್ಟೆಗಳು. ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ, ಬೆಚ್ಚಗಿನ ಮೈಯ ಇಲಿಯನ್ನು ಕತ್ತಲಲ್ಲೂ ಪತ್ತೆಹಚ್ಚುವ ಸಣ್ಣ ಕುಳಿ; ಪಶ್ಚಿಮಘಟ್ಟದ ಗುಳಿಮಂಡಲಗಳನ್ನು ನೋಡಿದವರಿಗೆ ಗುರುತು ಸಿಗುತ್ತದೆ, ಎರಡೂ ಒಂದೇ ಬಳಗದವು. ಸುರುಳಿಯನ್ನು ನೋಡಿ ಮೂರಡಿ ಉದ್ದವಿರಬಹುದು ಎಂದು ಅಂದಾಜು ಮಾಡಿದೆವು. ನಾವು ಅಲ್ಲಿದ್ದ ಇಪ್ಪತ್ತು ನಿಮಿಷವೂ ಅದು ಕದಲಲಿಲ್ಲ, ಸದ್ದು ಮಾಡಲಿಲ್ಲ. ಗಿಲಕಿ ಹಾವು ಎಂದರೆ ಸದಾ ಬಾಲ ಎತ್ತಿ ಸದ್ದು ಮಾಡುವ ಪ್ರಾಣಿ ಎಂಬ ಕಲ್ಪನೆ ಅಲ್ಲಿಗೆ ಮುಗಿಯಿತು. ಕಾಣದಂತೆ ಇರುವುದೇ ಅದರ ಮೊದಲ ರಕ್ಷಣೆ. ಸದ್ದು ಮಾಡುವುದೆಂದರೆ ಇದ್ದ ಜಾಗವನ್ನು ತಾನೇ ಬಿಟ್ಟುಕೊಟ್ಟಂತೆ. ನಾವು ಯಾರೂ ನೋಡದೆ ದಾಟಿಬಂದ ಹಾವುಗಳು ಎಷ್ಟಿರಬಹುದು ಎಂದು ಭಾವನವರು ಕೇಳಿದಾಗ ಗೈಡ್ ನಕ್ಕರೇ ಹೊರತು ಉತ್ತರ ಕೊಡಲಿಲ್ಲ.

ಅಲ್ಲಿಂದ ಅರ್ಧ ಗಂಟೆ ನಡೆದ ಮೇಲೆ ಕಂಡದ್ದೇ ಈ ಪ್ರಯಾಣದ ಸಾರ್ಥಕತೆ. ಗರ್ಭಿಣಿ ಹಾವುಗಳು ಬೇಸಿಗೆಯಲ್ಲಿ ಉಳಿದವುಗಳ ಹಾಗೆ ಬೇಟೆಗಾಗಿ ದೂರ ಹೋಗದೆ, ಚಳಿಗಾಲದ ಬಿಲದ ಆಸುಪಾಸಿನಲ್ಲೇ ಬಿಸಿಲು ಚೆನ್ನಾಗಿ ಬೀಳುವ ಕಲ್ಲೊಂದನ್ನು ಆರಿಸಿಕೊಂಡು, ಹೆಚ್ಚೇನೂ ತಿನ್ನದೆ ದಿನಗಳನ್ನು ಕಳೆಯುತ್ತವೆ. ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುವುದರಿಂದ ತಾಯಿಯ ಮೈಯೇ ಕಾವುಗೂಡು. ಬಿಸಿಲು ಕಾಯಿಸಿಕೊಂಡಷ್ಟೂ ಮರಿ ಬೇಗ ಬಲಿಯುತ್ತದೆ. ಅಂಥ ಒಂದು ಚಪ್ಪಟೆ ಕಲ್ಲಿನಡಿ, ಸೊರಗಿ ಮಡಿಕೆಬಿದ್ದ ಚರ್ಮದ ತಾಯಿ ಹಾವು, ಅದರ ಮಗ್ಗುಲಲ್ಲಿ ನಾಲ್ಕು ಮರಿಗಳು. ಗೇಣುದ್ದದ ಮೈ, ಪೆನ್ಸಿಲ್‌ನಷ್ಟು ದಪ್ಪ, ಇನ್ನೂ ಮೊದಲ ಪೊರೆ ಬಿಡದ್ದರಿಂದ ಧೂಳು ಮುಸುಕಿದಂಥ ಬಣ್ಣ. ಬಾಲದ ತುದಿಯಲ್ಲಿ ಒಂದೇ ಒಂದು ಗುಂಡಿ. ತಾಗಲು ಎರಡನೆಯದು ಇಲ್ಲದ ಕಾರಣ ಸದ್ದು ಮಾಡುವ ಶಕ್ತಿಯೂ ಇಲ್ಲ. ಒಂದು ಮರಿ ತಾಯಿಯ ಸುರುಳಿಯ ಮೇಲೆ ಹತ್ತಿ, ಜಾರಿ, ಮತ್ತೆ ಹತ್ತಿತು. ಮೊದಲ ಪೊರೆ ಬಿಡುವವರೆಗೆ ತಾಯಿ ಜೊತೆಗಿರುತ್ತದೆ, ಆಮೇಲೆ ಅವುಗಳ ದಾರಿ ಅವುಗಳಿಗೆ. ಅವು ಹಿಮ ಬೀಳುವ ಮೊದಲು ಒಂದು ಬಾರಿಯಾದರೂ ತಿನ್ನಬಲ್ಲವೋ ಇಲ್ಲವೋ ಎಂಬುದು ಇನ್ನು ಕೆಲವೇ ಬೆಚ್ಚಗಿನ ದಿನಗಳ ಮೇಲೆ ನಿಂತಿತ್ತು. ಗೈಡ್ ಇಲ್ಲಿ ಐದೇ ನಿಮಿಷ ಕೊಟ್ಟರು, ನಮ್ಮ ನೆರಳು ಕಲ್ಲಿನ ಮೇಲೆ ಬೀಳದಂತೆ ಪೂರ್ವದ ಬದಿಗೆ ನಿಲ್ಲಿಸಿದರು. ನೆರಳಿನ ಬಗ್ಗೆ ಇಷ್ಟು ಯೋಚಿಸುವ ಮಾರ್ಗದರ್ಶಕರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಛಾಯಾಗ್ರಾಹಕರ ತಕರಾರು ಎದ್ದದ್ದು ಇಲ್ಲೇ. ಗರ್ಭಿಣಿಯರ ಕಲ್ಲು ಇಲ್ಲಿದೆ ಎಂದ ಮೇಲೆ ಬಿಲವೂ ಹತ್ತಿರದಲ್ಲೇ ಇರಬೇಕು, ಅದನ್ನು ತೋರಿಸಿ ಎಂದು ಕೇಳಿದರು. ಗೈಡ್ ಒಪ್ಪಲಿಲ್ಲ. ಇನ್ನೂ ನೂರು ಡಾಲರ್ ಕೊಡುತ್ತೇವೆ ಎಂದರು. ಆಕೆ ಉತ್ತರಿಸದೆ ಚೀಲ ಹೆಗಲಿಗೇರಿಸಿ ಬೇರೆ ದಿಕ್ಕಿಗೆ ನಡೆದರು. ಆಲ್ಬರ್ಟಾದ ವನ್ಯಜೀವಿ ಕಾಯ್ದೆ ಗಿಲಕಿ ಹಾವನ್ನು ಕೊಲ್ಲುವುದನ್ನೂ ಇಟ್ಟುಕೊಳ್ಳುವುದನ್ನೂ ಮಾರುವುದನ್ನೂ ನಿಷೇಧಿಸಿದೆ, ಚಳಿಗಾಲದ ಬಿಲಗಳಿಗೆ ವರ್ಷವಿಡೀ ರಕ್ಷಣೆ ಕೊಟ್ಟಿದೆ. ದೇಶದ ಮಟ್ಟದಲ್ಲಿ 2015ರಲ್ಲಿ ಈ ಜಾತಿಯನ್ನು ‘ವಿಶೇಷ ಕಾಳಜಿ’ಯ ವರ್ಗಕ್ಕೆ ಸೇರಿಸಲಾಗಿದೆ. ಆದರೆ ಆಕೆಯ ನಿರಾಕರಣೆ ಕಾನೂನಿಗೆ ಹೆದರಿ ಮಾತ್ರ ಬಂದದ್ದಲ್ಲ. ಹಾವುಗಳು ಅದೇ ಬಿಲಕ್ಕೆ ವರ್ಷ ವರ್ಷವೂ, ಹತ್ತು ಕಿಲೋಮೀಟರಿಗೂ ಹೆಚ್ಚು ದೂರದಿಂದ, ಮರಳಿ ಬರುತ್ತವೆ. ಒಂದು ಸೀಮೆಯ ಹಾವುಗಳೆಲ್ಲ ಒಂದೇ ಬಾಗಿಲನ್ನು ನಂಬಿರುವಾಗ ಆ ಬಾಗಿಲಿನ ವಿಳಾಸ ಹೊರಬಿದ್ದರೆ ಕೆಡುಕಿಗೆ ಒಬ್ಬನೇ ಸಾಕು. ಹೊರಡುವ ಮೊದಲೇ ಎಲ್ಲರ ಫೋನಿನಲ್ಲಿ ಚಿತ್ರದ ಜೊತೆ ಸ್ಥಳ ದಾಖಲಾಗುವ ವ್ಯವಸ್ಥೆಯನ್ನು ಆಕೆ ಆರಿಸಿಸಿದ್ದರು, ಒಬ್ಬೊಬ್ಬರದನ್ನೂ ಕಣ್ಣಾರೆ ನೋಡಿ. ಹಾವನ್ನು ಎಷ್ಟು ಹತ್ತಿರದಿಂದ ತೋರಿಸಿದರು ಎಂಬುದರ ಮೇಲೆ ಇಂಥ ಸೇವೆಗೆ ಅಂಕ ಕೊಡುವವರಿದ್ದಾರೆ. ನಾನು ಕೊಡುವುದು ಎಲ್ಲಿ ನಿಂತರು ಎಂಬುದಕ್ಕೆ. ಕೊಕ್ಕೆಯಲ್ಲಿ ಎತ್ತಿ ತೋರಿಸುತ್ತೇವೆ, ಬಿಲಕ್ಕೆ ಕರೆದೊಯ್ಯುತ್ತೇವೆ ಎನ್ನುವ ಗೈಡ್ ಸಿಕ್ಕರೆ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಳ್ಳುವುದು ಮೇಲು.

ಸದ್ದು ಕೇಳಿದ್ದು ಹಿಂತಿರುಗುವಾಗ, ಅದೂ ಒಮ್ಮೆ ಮಾತ್ರ. ನೆರಳು ಬಿದ್ದಿದ್ದ ಇಳಿಜಾರಿನಲ್ಲಿ ಭಾವನವರ ಬಲಗಡೆಯಿಂದ, ಬಿಸಿ ಎಣ್ಣೆಗೆ ನೀರಿನ ಹನಿ ಬಿದ್ದಂಥ ಸದ್ದು ಬಂತು. ಆದರೆ ಬಿಡಿಬಿಡಿಯಾಗಿ, ಎಳೆದು ಎಳೆದು. “ಭಾವ, ಇದ್ದಲ್ಲೇ ನಿಲ್ಲಿ, ಕಾಲು ಎತ್ತಬೇಡಿ” ಎಂದೆ. “ಎತ್ತೋಕೆ ಕಾಲು ನನ್ನ ಮಾತು ಕೇಳಿದರೆ ತಾನೇ?” ಎಂದರು. ಗೈಡ್ ಸದ್ದಿನ ದಿಕ್ಕು ನೋಡಿ ಅವರನ್ನು ನಿಧಾನವಾಗಿ ಎಡಕ್ಕೆ ಸರಿಸಿದರು. ಹಾವು ಎರಡು ಮೀಟರ್ ದೂರದಲ್ಲಿತ್ತು. ತನ್ನ ಮೈಯುದ್ದದ ಮೂರನೇ ಒಂದರಿಂದ ಅರ್ಧದಷ್ಟು ದೂರಕ್ಕೆ ಮಾತ್ರ ಅದು ಎರಗಬಲ್ಲದು ಎಂಬ ಲೆಕ್ಕ ಆಮೇಲೆ ಸಮಾಧಾನ ತಂದಿತು, ಆ ಕ್ಷಣಕ್ಕಲ್ಲ. ಸದ್ದು ಅಷ್ಟು ನಿಧಾನವಾಗಿ ಕೇಳಿದ್ದಕ್ಕೂ ಕಾರಣವಿದೆ: ಬಾಲದ ಸ್ನಾಯು ಅದುರುವ ವೇಗ ಮೈಯ ಬಿಸಿಯನ್ನು ಅವಲಂಬಿಸಿದೆ, ನೆರಳಿನಲ್ಲಿ ತಣ್ಣಗಾದ ಹಾವಿನ ಗಿಲಕಿಯೂ ತಣ್ಣಗೇ ಆಡುತ್ತದೆ.

ಸುರಕ್ಷತೆಯ ವಿಷಯದಲ್ಲಿ ಸಂಸ್ಥೆ ಇನ್ನೂ ಸುಧಾರಿಸಬೇಕು. ಮೊಣಕಾಲಿನವರೆಗಿನ ಕಾಲುಕವಚ, ಅಂದರೆ ಗೇಟರ್, ಶುಲ್ಕದಲ್ಲೇ ಸೇರಿದೆ, ಆದರೆ ಇದ್ದದ್ದು ಎರಡೇ ಅಳತೆ. ಭಾವನವರ ಕಾಲಿಗೆ ಕಟ್ಟಿದ್ದು ಹತ್ತು ಹೆಜ್ಜೆಗೊಮ್ಮೆ ಪಾದದ ಮೇಲೆ ಇಳಿದು ಕೂರುತ್ತಿತ್ತು, ಎಡಗಾಲಿನದರ ಪಟ್ಟಿಯಂತೂ ಹಿಡಿದುಕೊಳ್ಳುತ್ತಲೇ ಇರಲಿಲ್ಲ. ಕಚ್ಚಿದರೆ ಮುಂದೇನು ಎಂಬುದನ್ನು ಆರಂಭದಲ್ಲೇ ವಿವರಿಸಬೇಕಿತ್ತು. ನಾನು ಕೇಳಿದ ಮೇಲೆ, ಅದೂ ಮಧ್ಯಾಹ್ನದ ಊಟದ ಹೊತ್ತಿಗೆ, ವಿವರಿಸಿದರು. ಉತ್ತರವೇನೋ ಸರಿಯಾಗಿತ್ತು: ಕೊಯ್ಯಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು, ಉಂಗುರ ಗಡಿಯಾರ ಬಿಚ್ಚಿ, ಕಚ್ಚಿಸಿಕೊಂಡ ಕೈಕಾಲನ್ನು ಅಲುಗಿಸದೆ, ಸಾಧ್ಯವಾದಷ್ಟು ಬೇಗ ಆಸ್ಪತ್ರೆಗೆ ತಲುಪಿಸಬೇಕು, ಔಷಧವೆಂದರೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷವೊಂದೇ. ಮೊಬೈಲ್ ಸಿಗ್ನಲ್ ಇಲ್ಲದ ಕಣಿವೆಗಾಗಿ ಆಕೆಯ ಬಳಿ ಉಪಗ್ರಹ ಸಂಪರ್ಕದ ಸಾಧನವೂ ಇತ್ತು. ಆದರೆ ಆರು ಜನರ ಗುಂಪಿಗೆ ಒಬ್ಬರೇ ಗೈಡ್ ಇದ್ದು, ಆ ಒಬ್ಬರಿಗೇ ಏನಾದರೂ ಆದರೆ ಸಾಧನವನ್ನು ಬಳಸುವುದು ಹೇಗೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊಟದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ತಣ್ಣನೆಯ ಸ್ಯಾಂಡ್‌ವಿಚ್ ಮತ್ತು ಒಂದು ಸೇಬು.

ಸಂಜೆ ಐದರ ಸುಮಾರಿಗೆ ಜಲ್ಲಿರಸ್ತೆಯಲ್ಲಿ ವಾಪಸ್ಸಾಗುವಾಗ ಗೈಡ್ ಗಾಡಿಯನ್ನು ಮೂವತ್ತು ಕಿಲೋಮೀಟರ್ ವೇಗಕ್ಕಿಂತ ಹೆಚ್ಚು ಓಡಿಸಲಿಲ್ಲ. ಗಾಳಿ ತಣ್ಣಗಾದ ಮೇಲೂ ರಸ್ತೆ ಬಿಸಿ ಹಿಡಿದಿಟ್ಟುಕೊಂಡಿರುತ್ತದೆ, ಬಿಲಕ್ಕೆ ಹೊರಟ ಹಾವು ಮೈ ಕಾಯಿಸಲು ಅಲ್ಲೇ ಮಲಗುತ್ತದೆ. ಇಲ್ಲಿ ಅವುಗಳ ಸಾವಿಗೆ ದೊಡ್ಡ ಕಾರಣಗಳಲ್ಲಿ ರಸ್ತೆಯೂ ಒಂದು. ಎರಡನೇ ತಿರುವಿನಲ್ಲಿ ಟಯರ್ ಹರಿದು ಸತ್ತ ಹಾವೊಂದು ಸಿಕ್ಕಿತು, ಬಾಲದ ತುದಿ ಚೂಪಾಗಿತ್ತು. ಅದು ವಿಷವಿಲ್ಲದ ಬುಲ್‌ಸ್ನೇಕ್. ಬೆದರಿದಾಗ ತಲೆ ಅಗಲಿಸಿ, ಬುಸುಗುಟ್ಟಿ, ಒಣಹುಲ್ಲಿನಲ್ಲಿ ಬಾಲ ಅದುರಿಸಿ ಗಿಲಕಿ ಹಾವಿನಂತೆ ನಟಿಸುವ ಈ ಹಾವನ್ನು ಜನ ಆ ನಟನೆಯನ್ನು ನಂಬಿಯೇ ಕೊಲ್ಲುವುದುಂಟು. ಟಯರ್ ಗುರುತು ರಸ್ತೆಯ ನಡುವಿನಿಂದ ಅಂಚಿಗೆ ಬಾಗಿ, ಹಾವಿನ ಮೇಲೆ ಹಾದು, ಮತ್ತೆ ನಡುವಿಗೆ ಮರಳಿತ್ತು. ಗೈಡ್ ಅದನ್ನು ಕೋಲಿನಿಂದ ಹುಲ್ಲಿಗೆ ಸರಿಸಿ ಬಂದು ಮಾತಾಡದೆ ಗಾಡಿ ಹತ್ತಿದರು.

ಇಷ್ಟು ಖರ್ಚು ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. 1979ರಿಂದ ವಿಶ್ವ ಪರಂಪರೆಯ ತಾಣವಾಗಿರುವ ಡೈನೋಸಾರ್ ಪ್ರಾಂತೀಯ ಉದ್ಯಾನದಲ್ಲಿಯೂ, 2019ರಲ್ಲಿ ಆ ಪಟ್ಟಿಗೆ ಸೇರಿದ, ಬ್ಲ್ಯಾಕ್‌ಫುಟ್ ಜನರ ಶಿಲಾಚಿತ್ರಗಳಿರುವ ರೈಟಿಂಗ್-ಆನ್-ಸ್ಟೋನ್‌ನಲ್ಲಿಯೂ ಗಿಲಕಿ ಹಾವುಗಳಿವೆ. ಸಸ್ಕಾಚೆವಾನ್‌ನ ಗ್ರಾಸ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನದಲ್ಲಿ ಬೈಸನ್ ಮತ್ತು ಬಿಲದಲ್ಲಿ ಬದುಕುವ, ಅಳಿಲಿನ ಬಳಗದ ಪ್ರೇರಿ ಡಾಗ್‌ಗಳ ಜೊತೆಗೆ ಇವೂ ಇವೆ. ಅಲ್ಲೆಲ್ಲ ಗುರುತಿಸಿದ ಹಾದಿಯಲ್ಲಿ ಗೈಡ್ ಇಲ್ಲದೆಯೇ ನಡೆಯಬಹುದು, ಅದೃಷ್ಟವಿದ್ದರೆ ನೋಡಲೂಬಹುದು. ಹಾವನ್ನು ಕಂಡೆವು ಎಂಬ ಖುಷಿಯಷ್ಟೇ ಬೇಕಾದವರು ಅಲ್ಲಿಗೆ ಹೋಗುವುದು ಸಾಕು. ಹಾವು ಆ ಕಲ್ಲಿನ ಮೇಲೇ, ಆ ಹೊತ್ತಿಗೇ ಏಕಿದೆ ಎಂದು ತಿಳಿಯಬೇಕಾದವರಿಗೆ ಈ 165 ಡಾಲರ್ ದುಬಾರಿಯಲ್ಲ. ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಕಳೆದ ಒಂದರಲ್ಲಿ ಅರ್ಧ ಆ ಚಿತ್ರಕ್ಕೆ, ಅರ್ಧ ಕಾಲುಕವಚಕ್ಕೆ. ಜುಲೈ ಆಗಸ್ಟ್‌ನಲ್ಲಿ ಹೋಗಬೇಡಿ, ಆಗ ಹಾವುಗಳು ನೆಲ ಅಳಿಲುಗಳನ್ನು ಅರಸಿ ಬಯಲೆಲ್ಲ ಚೆದುರಿರುತ್ತವೆ, ಮಧ್ಯಾಹ್ನದ ಬಿಸಿಲಿಗೆ ಬಿಲ ಹೊಕ್ಕಿರುತ್ತವೆ. ಹೋಗುವುದಾದರೆ ಸೆಪ್ಟೆಂಬರ್, ಇಲ್ಲವೇ ಅವು ಹೊರಬರುವ ಮೇ. ನಾವು ಮೇ ತಿಂಗಳ ಎರಡನೇ ವಾರಕ್ಕೆ ಮತ್ತೆ ಹೆಸರು ಬರೆಸಿದ್ದೇವೆ; ಭಾವನವರು ಈ ಬಾರಿ ಮೊಣಕಾಲೆತ್ತರದ ಬೂಟನ್ನು ತಮ್ಮ ದುಡ್ಡಿನಲ್ಲೇ ಕೊಂಡಿಟ್ಟುಕೊಂಡಿದ್ದಾರೆ.